ನೀರು ಕುಡಿಯದ ಹುಡುಗಿ: ಪುನಶ್ಚೇತನ ವಾರ್ಡಿನ ಒಂದು ಪ್ರಕರಣ

ಫೈಲಿನಲ್ಲಿ ಮೂರು ಕಡೆ ಒಂದೇ ಮಾತು ಬರೆದಿತ್ತು: ‘ರೋಗಿ ಸಹಕರಿಸುತ್ತಿಲ್ಲ.’ ಫಿಸಿಯೋಥೆರಪಿಗೆ ಕರೆದರೆ ತಲೆನೋವು ಅನ್ನುತ್ತಾಳೆ. ಊಟ ಅರ್ಧಕ್ಕೆ ಬಿಡುತ್ತಾಳೆ. ನೀರು ಕುಡಿ ಅಂತ ಎಷ್ಟು ಹೇಳಿದರೂ ಕುಡಿಯುವುದಿಲ್ಲ. ವಯಸ್ಸು 16, ಪಿಯುಸಿ ಮೊದಲ ವರ್ಷ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ.

ಮೂರು ದೂರೂ ನಿಜವೇ. ಆದರೆ ಮೂರಕ್ಕೂ ಕಾರಣ ಒಂದೇ ಆಗಿತ್ತು, ಅದು ಹಟ ಆಗಿರಲಿಲ್ಲ. ನಾನು ಪುನಶ್ಚೇತನ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ನಮ್ಮಲ್ಲಿ ‘ಹೆಣ್ಣುಮಕ್ಕಳ ಸೂಕ್ಷ್ಮ’, ಅಂದರೆ ಅವರ ಸಂಕೋಚ, ಮರೆ ನೋಡಿಕೊಳ್ಳುವುದು, ಚಿಕಿತ್ಸೆಯ ಜೊತೆಗೆ ಹೆಚ್ಚಿಗೆ ತೋರಿಸುವ ಒಂದಿಷ್ಟು ಮರ್ಯಾದೆ, ಪುರಸೊತ್ತಿದ್ದರೆ ಮಾಡುವ ಕೆಲಸ ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ. ಈ ಹುಡುಗಿಯ ವಿಷಯದಲ್ಲಿ ಅದಿಲ್ಲದೆ ಚಿಕಿತ್ಸೆಯೇ ನಡೆಯುತ್ತಿರಲಿಲ್ಲ. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಗುರುತು ಸಿಗಬಾರದು ಅಂತ ಹೆಸರು, ಊರು ಬಿಟ್ಟಿದ್ದೇನೆ, ಕೆಲವು ವಿವರ ಬದಲಿಸಿದ್ದೇನೆ.

ಪೆಟ್ಟು

ಹಾವೇರಿ ಜಿಲ್ಲೆಯ ಹಳ್ಳಿ. ಮಾಳಿಗೆ ಮೇಲೆ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ್ದರು. ಮೋಡ ಕಟ್ಟಿತು ಅಂತ ಹುಡುಗಿ ಓಡಿ ಹತ್ತಿದಳು. ತಾಡಪತ್ರಿ ಹಿಡಿದು ಹಿಂದೆ ಹಿಂದೆ ಸರಿಯುತ್ತಾ ಎಳೆಯುವಾಗ ಮಾಳಿಗೆಯ ಅಂಚು ಮುಗಿದಿದ್ದು ಗೊತ್ತಾಗಲಿಲ್ಲ. ಕೈಗೋಡೆ ಇರಲಿಲ್ಲ. ಎದೆ ಭಾಗದ 12ನೇ ಬೆನ್ನುಮೂಳೆ ಒಡೆದು ಚೂರು ಬೆನ್ನುಹುರಿಗೆ ಒತ್ತಿತ್ತು. ಬೇರೊಂದು ಆಸ್ಪತ್ರೆಯಲ್ಲಿ ಆಪರೇಷನ್ ಆಗಿ, ರಾಡು ಸ್ಕ್ರೂ ಹಾಕಿಸಿಕೊಂಡು ನಮ್ಮಲ್ಲಿಗೆ ಬಂದಳು. ತೊಡೆಗೆ ಚುಚ್ಚಿದರೆ ತಿಳಿಯುತ್ತಿರಲಿಲ್ಲ. ಮೂತ್ರ, ಮಲ ಎರಡರ ಮೇಲೂ ಹಿಡಿತ ಇರಲಿಲ್ಲ.

ಮರ, ಮಾಳಿಗೆ, ಬಾವಿ. ನಮ್ಮ ಹಳ್ಳಿಗಳಲ್ಲಿ ಬೆನ್ನುಹುರಿ ಪೆಟ್ಟಿಗೆ ಎತ್ತರದಿಂದ ಬೀಳುವುದೇ ದೊಡ್ಡ ಕಾರಣ. ಹಾಗೆ ಬಿದ್ದು ಬರುವವರಲ್ಲಿ ಗಂಡಸರ ಸಂಖ್ಯೆ ಬಹಳ ಜಾಸ್ತಿ. ಹಾಗಾಗಿ ಇಂಥ ವಾರ್ಡುಗಳು ಯಾರೂ ಬೇಕಂತ ಮಾಡದಿದ್ದರೂ ಗಂಡಸರ ಅಳತೆಗೇ ಹೊಂದಿಕೊಂಡುಬಿಟ್ಟಿರುತ್ತವೆ. ಬೆಲ್ಟಿನ ಸೈಜು, ಎತ್ತಿ ಕೂರಿಸುವ ಸಿಬ್ಬಂದಿ, ವ್ಯಾಯಾಮದ ಹಾಲ್, ಎಲ್ಲವೂ. ಈಕೆ ಬಂದಾಗ ವಾರ್ಡಿನಲ್ಲಿ ಅವಳ ವಯಸ್ಸಿನ ಇನ್ನೊಬ್ಬ ಹುಡುಗಿ ಇರಲಿಲ್ಲ.

ಚಾರ್ಟು ಹೇಳಿದ್ದು

ಮೂತ್ರಕೋಶ ತಾನಾಗಿ ಖಾಲಿಯಾಗದಿದ್ದರೆ ನಾಲ್ಕರಿಂದ ಆರು ಗಂಟೆಗೊಮ್ಮೆ ತೆಳ್ಳನೆಯ ಟ್ಯೂಬು ಹಾಕಿ ಖಾಲಿ ಮಾಡಿ ತೆಗೆದುಬಿಡಬೇಕು. ನಾವು ಇದನ್ನು ಸಿಐಸಿ ಅನ್ನುತ್ತೇವೆ. ಅಮೆರಿಕದ ಮಿಷಿಗನ್‌ನಲ್ಲಿ ಜ್ಯಾಕ್ ಲ್ಯಾಪಿಡಿಸ್ ಅನ್ನುವ ವೈದ್ಯರು 1972ರಲ್ಲಿ ಇದನ್ನು ಪ್ರಕಟಿಸಿದರು. ಆಪರೇಷನ್ ಥಿಯೇಟರಿನಷ್ಟು ಶುದ್ಧಿ ಬೇಡ, ಸೋಪು ಹಚ್ಚಿ ಕೈ ತೊಳೆದರೆ ಸಾಕು, ಮೂತ್ರಕೋಶ ತುಂಬಿ ಬಿಗಿಯಲು ಬಿಡಬಾರದು ಅನ್ನುವುದೇ ಮುಖ್ಯ ಅಂತ ಅವರು ತೋರಿಸಿದರು. ಸದಾ ಒಳಗೇ ಬಿಟ್ಟಿರುವ ಟ್ಯೂಬಿಗಿಂತ ಇದರಲ್ಲಿ ಸೋಂಕು ಕಡಿಮೆ, ಕಿಡ್ನಿಗೂ ಕ್ಷೇಮ. ಪ್ರತಿ ಸಲ ಬಂದ ಮೂತ್ರ 400 ರಿಂದ 500 ಎಂ.ಎಲ್. ಮೀರದಂತೆ ನೀರು ಕುಡಿಯುವ ಹೊತ್ತನ್ನು ಹೊಂದಿಸುತ್ತೇವೆ.

ಈಕೆಗೆ ಚಳಿಜ್ವರ ಬಂತು. ಮೂತ್ರದ ಪರೀಕ್ಷೆಯಲ್ಲಿ ಇ.ಕೋಲಿ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತು. ಆಂಟಿಬಯಾಟಿಕ್ ಕೊಟ್ಟೆವು, ಇಳಿಯಿತು. ಸ್ವಲ್ಪ ದಿನಕ್ಕೆ ಮತ್ತೆ ಬಂತು. ಆಗ ಪ್ರತಿ ಸಲ ಬಂದ ಮೂತ್ರದ ಅಳತೆ ಬರೆದಿಡುವ ಚಾರ್ಟನ್ನು ಸುಮ್ಮನೆ ತಿರುವಿ ಹಾಕದೆ ಸಾಲು ಸಾಲು ಓದಿದೆವು. ಬೆಳಿಗ್ಗೆ 6ಕ್ಕೆ 350 ಎಂ.ಎಲ್. ಮಧ್ಯಾಹ್ನ 300. ರಾತ್ರಿ 10ಕ್ಕೆ 90. ಮರುದಿನ ರಾತ್ರಿ 110. ಅದರ ಮರುದಿನ ‘ನಿರಾಕರಿಸಿದಳು’. ಆಮೇಲೆ ಎರಡು ರಾತ್ರಿ 320, 300. ಮತ್ತೆ 80.

ರಾತ್ರಿ ಪಾಳಿಯ ಡ್ಯೂಟಿ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟು ನೋಡಿದಾಗ ವಿಷಯ ಸ್ಪಷ್ಟವಾಯಿತು. ಸಹಾಯಕ್ಕೆ ಆಯಾ ಇದ್ದ ರಾತ್ರಿ ಮೂತ್ರ ಸರಿಯಾಗಿ ಬಂದಿದೆ. ವಾರ್ಡ್ ಬಾಯ್ ಇದ್ದ ರಾತ್ರಿ ಬಂದಿಲ್ಲ.

ಟ್ಯೂಬು ಹಾಕುತ್ತಿದ್ದವರು ಯಾವತ್ತೂ ಹೆಣ್ಣು ನರ್ಸುಗಳೇ. ಆದ್ದರಿಂದ ‘ಹೆಣ್ಣುಮಕ್ಕಳಿಗೆ ಹೆಣ್ಣು ಸಿಬ್ಬಂದಿ’ ಅನ್ನುವ ನಿಯಮ ಕಾಗದದ ಮೇಲೆ ಪಾಲನೆಯಾಗಿತ್ತು. ಏನು ನಡೆಯುತ್ತಿತ್ತು ಅಂತ ತಿಳಿಯಲು ಅವಳನ್ನೇ ಕೇಳಬೇಕಿತ್ತು, ಅದೂ ಒಬ್ಬಳೇ ಇರುವಾಗ. ಅವ್ವ ಪಕ್ಕದಲ್ಲಿದ್ದರೆ ‘ಎಲ್ಲಾ ಆರಾಮ ಐತ್ರಿ’ ಅನ್ನುತ್ತಿದ್ದಳು. ಅವ್ವ ಚಹಾಕ್ಕೆ ಹೋದಾಗ ನಮ್ಮ ಸೋಷಿಯಲ್ ವರ್ಕರ್ ಮೇಡಂ ಕೂತು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. ‘ನಿನಗೆ ಏನು ತೊಂದರೆ’ ಅಂತ ಕೇಳಲಿಲ್ಲ. ‘ಇಡೀ ದಿನದಾಗ ಯಾವ ಹೊತ್ತು ಬರಬಾರದಿತ್ತು ಅನಸ್ತದ?’ ಅಂತ ಕೇಳಿದರು.

‘ರಾತ್ರಿ ಹತ್ತರದ್ದು’ ಅಂದಳು.

ಹಾಸಿಗೆಯ ಮೇಲಿನ ಬಲ್ಬಿನ ಬೆಳಕು ಸಾಲುತ್ತಿರಲಿಲ್ಲ. ನರ್ಸಿನ ಎರಡೂ ಕೈ ಕೆಲಸದಲ್ಲಿ. ಹಾಗಾಗಿ ಸಹಾಯಕ್ಕೆ ಬಂದವರು ಟಾರ್ಚ್ ಹಿಡಿದು ನಿಲ್ಲುತ್ತಿದ್ದರು. ‘ಅವರು ಮಾರಿ ಆ ಕಡೆ ಮಾಡಿ ನಿಂದರ್ತಾರ್ರಿ, ಪಾಪ, ಛಲೋ ಮನಶ್ಯಾ. ಆದ್ರ ಅಲ್ಲೇ ಇರ್ತಾರಲ್ರಿ.’ ಅದಕ್ಕೆ ಅವಳೇ ಉಪಾಯ ಹುಡುಕಿದ್ದಳು. ಆ ಮನುಷ್ಯ ಡ್ಯೂಟಿಗೆ ಬರುವುದು ಕಂಡರೆ ಸಂಜೆ ನಾಲ್ಕರಿಂದ ನೀರು ಬಂದ್. ಮೂತ್ರ ಇಲ್ಲದಿದ್ದರೆ ಟ್ಯೂಬೂ ಇಲ್ಲ. ಊಟದ ಲೆಕ್ಕವೂ ಹೀಗೇ. ಮಲ ಹೊರಹಾಕಿಸುವ ಕೆಲಸ ಬೆಳಿಗ್ಗೆ ಹಾಸಿಗೆಯ ಮೇಲೇ ಆಗುತ್ತಿತ್ತು, ಪರದೆ ಒಂದು ಮೂಲೆಗೆ ಮುಟ್ಟುತ್ತಿರಲಿಲ್ಲ. ಕಡಿಮೆ ತಿಂದರೆ ಅದೂ ಕಡಿಮೆ ಅಲ್ವಾ?

ಇಲ್ಲಿ ಯಾರನ್ನೂ ಬೈಯುವ ಹಾಗಿಲ್ಲ. ಆ ವಾರ್ಡ್ ಬಾಯ್ ನಿಜಕ್ಕೂ ಸಜ್ಜನ. ನರ್ಸು ತನ್ನ ಕೆಲಸ ಸರಿಯಾಗಿಯೇ ಮಾಡಿದ್ದಳು. ತಪ್ಪು ಇದ್ದದ್ದು ಬಲ್ಬಿನಲ್ಲಿ. ತಲೆಗೆ ಕಟ್ಟುವ, ಚಾರ್ಜ್ ಆಗುವ ಲೈಟ್ ಒಂದನ್ನು ತರಿಸಿದೆವು. ಪರದೆಗೆ ಇನ್ನೊಂದು ತುಂಡು ಹೊಲಿಸಿದೆವು. ಇಂಥ ಕೆಲಸಕ್ಕೆ ದೊಡ್ಡ ಬಜೆಟ್ ಬೇಕು ಅನ್ನುವವರಿಗೆ ನಾನು ಈ ಎರಡು ಖರ್ಚನ್ನೇ ತೋರಿಸುತ್ತೇನೆ. ರಾತ್ರಿಯ ಅಂಕಿ ಮೇಲೇರಿತು. ಜ್ವರ ಅಲ್ಲಿಗೆ ನಿಂತಿತು.

ಹೆಣ್ಣೇ ಬೇಕು ಅಂತಲ್ಲ

ಇದಾದ ಮೇಲೆ ನಮಗೆಲ್ಲ ಒಂದು ಹುರುಪು ಬಂತು. ಫಿಸಿಯೋ ಗಂಡಸು, ಅದಕ್ಕೇ ಹುಡುಗಿ ಹೋಗುತ್ತಿಲ್ಲ, ಬದಲಿಸೋಣ ಅಂತ ಮೀಟಿಂಗಿನಲ್ಲಿ ಮಾತಾಯಿತು. ಅವಳಿಗೆ ಹೇಳಿದರೆ ಅತ್ತೇಬಿಟ್ಟಳು. ‘ಸರ್ ಬ್ಯಾಡ ಅಂತ ನಾ ಎಲ್ಲೆರ ಅಂದೇನೇನ್ರಿ?’

ಆ ಫಿಸಿಯೋಥೆರಪಿಸ್ಟ್ ಒಂದು ಅಭ್ಯಾಸ ಇಟ್ಟುಕೊಂಡಿದ್ದಾರೆ. ಮುಟ್ಟುವ ಮೊದಲು ಹೇಳುತ್ತಾರೆ: ‘ಈಗ ಮೊಣಕಾಲ ಕೆಳಗ ಕೈ ಹಾಕ್ತೀನಿ. ಈಗ ಸೊಂಟದ ಬೆಲ್ಟ್ ಹಿಡೀತೀನಿ. ಮೂರು ಅಂದಾಗ ಎತ್ತೂಣು.’ ಸೊಂಟದಿಂದ ಕೆಳಗೆ ಸ್ಪರ್ಶವೇ ಇಲ್ಲದ ಹುಡುಗಿಗೆ ಈ ಮಾತು ಎಷ್ಟು ದೊಡ್ಡದು ಅಂತ ನಮಗೆ ಚಟ್ಟನೆ ಹೊಳೆಯುವುದಿಲ್ಲ. ತನ್ನ ಮೈಮೇಲೆ ಯಾರ ಕೈ ಎಲ್ಲಿದೆ ಅಂತ ಅವಳಿಗೆ ಕಣ್ಣಿನಿಂದ ಅಥವಾ ಕಿವಿಯಿಂದ ಮಾತ್ರ ಗೊತ್ತಾಗಬೇಕು. ಇದಕ್ಕೆ ತದ್ವಿರುದ್ಧ, ಬೆಳಗಿನ ಪಾಳಿಯ ಆಯಾ ಒಬ್ಬರು ಬಂದವರೇ ಮಾತಿಲ್ಲದೆ ಹೊದಿಕೆ ಎಳೆಯುತ್ತಿದ್ದರು. ಅವರು ಹೆಣ್ಣು. ಹುಡುಗಿಗೆ ಭಯ ಅವರದ್ದೇ. ಸಿಬ್ಬಂದಿ ಹೆಣ್ಣೋ ಗಂಡೋ ಅಂತ ಮಾತ್ರ ನೋಡಿ ಕೈತೊಳೆದುಕೊಂಡರೆ ಇಂಥದ್ದು ಕಣ್ಣಿಗೆ ಬೀಳುವುದಿಲ್ಲ. ಹಾಗಂತ ನಿಯಮ ಬೇಡ ಅನ್ನುತ್ತಿಲ್ಲ. ಒಳಮೈ ಪರೀಕ್ಷೆಗೆ ಹೆಣ್ಣು ಸಿಬ್ಬಂದಿ ಜೊತೆಗಿರಲೇಬೇಕು. 18ರ ಒಳಗಿನವರಿಗೆ ಲೈಂಗಿಕ ದೌರ್ಜನ್ಯದಿಂದ ರಕ್ಷಣೆ ಕೊಡುವ 2012ರ ಪೋಕ್ಸೋ ಕಾಯ್ದೆ ಆಸ್ಪತ್ರೆಯ ಬಾಗಿಲಲ್ಲಿ ನಿಂತುಬಿಡುವುದಿಲ್ಲ. ಅದು ಕನಿಷ್ಠ, ಅಷ್ಟೇ.

ಹಾಗಾದರೆ ವ್ಯಾಯಾಮಕ್ಕೆ ಏಕೆ ಹೋಗುತ್ತಿರಲಿಲ್ಲ? ಬಾಗಿಲಿನಿಂದಾಗಿ. ವ್ಯಾಯಾಮದ ಹಾಲ್‌ನ ಬಾಗಿಲು ತೆರೆದೇ ಇರುತ್ತಿತ್ತು, ಎದುರಿಗೆ ಹೊರರೋಗಿಗಳು ಕೂರುವ ಒಪಿಡಿಯ ಬೆಂಚು. ಅಲ್ಲಿ ಕೂತವರಿಗೆ ಬೇರೆ ನೋಡಲು ಏನಿದೆ? ಟಿಲ್ಟ್ ಟೇಬಲ್ ಮೇಲೆ ಮಲಗಿಸಿ ಎದೆಗೆ, ತೊಡೆಗೆ ಪಟ್ಟಿ ಕಟ್ಟಿ ನಿಧಾನಕ್ಕೆ ನಿಲ್ಲಿಸುವಾಗ ನೈಟಿ ಮೇಲಕ್ಕೆ ಸರಿಯುತ್ತದೆ. ಎಳೆದುಕೊಳ್ಳೋಣ ಅಂದರೆ ಕೈ ಪಟ್ಟಿಯ ಒಳಗೆ. ನಮ್ಮ ಕಡೆ ಹೆಣ್ಣು ರೋಗಿ ಅಂದರೆ ನೈಟಿ ಅಂತ ಅದು ಹೇಗೋ ಕಾನೂನಾಗಿಬಿಟ್ಟಿದೆ! ಟ್ಯೂಬು ಹಾಕಲು ಅನುಕೂಲ ಅನ್ನುವುದು ಕಾರಣ. ಅನುಕೂಲ ನಮಗೆ. ಕಾಲಿನ ಒಳಬದಿಗೆ ಉದ್ದಕ್ಕೂ ವೆಲ್ಕ್ರೋ ಇಟ್ಟು ಎರಡು ಸಡಿಲ ಪ್ಯಾಂಟ್ ಹೊಲಿಸಿದೆವು. ಜಿಪ್ಪು, ಗುಂಡಿ ಬೇಡ, ಸ್ಪರ್ಶ ಇಲ್ಲದ ಚರ್ಮಕ್ಕೆ ಒತ್ತಿ ಹುಣ್ಣಾಗುತ್ತದೆ. ಬಾಗಿಲಿಗೆ ಪರದೆ ಬಿತ್ತು. ತಲೆನೋವು ಹೋಯಿತು.

ಬ್ರೇಸಿನದ್ದೂ ಇದೇ ಕಥೆ. ಬೆನ್ನಿಗೆ ಹಾಕುವ ಗಟ್ಟಿ ಬ್ರೇಸಿಗೆ ಅಳತೆ ತೆಗೆಯಲು ಮೇಲಿನ ಬಟ್ಟೆ ತೆಗೆದು ತೆಳು ಬನಿಯನ್ನಿನಂಥದ್ದು ಹಾಕಿ ಪ್ಲಾಸ್ಟರ್ ಸುತ್ತಬೇಕು. ಮೊದಲ ಸಲ ಅಪ್ಪ ಕೋಣೆಯಲ್ಲೇ ನಿಂತಿದ್ದರು. ಹೊರಗೆ ಹೋಗಿ ಅಂತ ಯಾರೂ ಹೇಳಲಿಲ್ಲ, ಅವರಿಗೂ ತಿಳಿಯಲಿಲ್ಲ. ಹುಡುಗಿ ಉಸಿರು ಬಿಗಿಹಿಡಿದು, ಭುಜ ಮುಂದಕ್ಕೆ ಬಾಗಿಸಿ ಕೂತಿದ್ದಳು. ಬ್ರೇಸ್ ಅದೇ ಬಾಗಿದ ಆಕಾರಕ್ಕೆ ಬಂತು. ಎದೆಯ ಜಾಗದಲ್ಲಿ ಗಂಡಸಿಗೆ ಮಾಡಿದಂತೆ ಸಪಾಟು. ಹಾಕಿದರೆ ನೋವು, ತೆಗೆದರೆ ಬೈಗುಳ. ಎರಡನೇ ಅಳತೆ ಬಾಗಿಲು ಹಾಕಿ, ಅವ್ವನನ್ನು ಇಟ್ಟುಕೊಂಡು, ಅವಳು ದಿನಾ ಹಾಕುವ ಒಳಉಡುಪಿನ ಮೇಲೇ ತೆಗೆದರು. ಮುಟ್ಟಿನ ದಿನಗಳಲ್ಲಿ ಹೊಟ್ಟೆ ಉಬ್ಬರಿಸುತ್ತದೆ ಅಂತ ಪಟ್ಟಿಗೆ ಎರಡು ರಂಧ್ರ ಹೆಚ್ಚಿಗೆ ಹಾಕಿದರು.

ಅವ್ವನ ಪ್ರಶ್ನೆ

ಎಷ್ಟೇ ಪರದೆ ಹಾಕಿದರೂ ಕೊನೆಗೆ ಟ್ಯೂಬು ಹಾಕಿಕೊಳ್ಳುವುದನ್ನು ಅವಳೇ ಕಲಿಯಬೇಕು. ಕೈ ಗಟ್ಟಿಯಾಗಿದೆ, ಬುದ್ಧಿ ಚುರುಕು. ಆದರೆ ಕಲಿಸುವ ಮಾತೆತ್ತಿದರೆ ಅವ್ವ ಬೇರೆ ಮಾತು ತೆಗೆಯುತ್ತಿದ್ದರು. ‘ನಾನಾ ಮಾಡ್ತೀನಿ ತಗೋರಿ, ಆಕೀಗ್ಯಾಕ.’ ಒಂದು ದಿನ ಔಷಧಿ ಕೋಣೆಯ ಹತ್ತಿರ ನನ್ನನ್ನು ತಡೆದು ತಗ್ಗಿದ ದನಿಯಲ್ಲಿ ಕೇಳಿದರು: ‘ಸಿಸ್ಟರ್, ದಿನಾ ಅಲ್ಲಿ ಟೂಬು ಹಾಕಿದ್ರ ಹುಡುಗಿ ಕನ್ನಿತನ ಕೆಡೂದಿಲ್ಲೇನ್ರಿ? ನಾಳೆ ಯಾರರ ಕೇಳಿದ್ರ ಏನಂತ ಹೇಳೂಣು?’

ಈ ಪ್ರಶ್ನೆಗೆ ನಗುವ ಸಿಬ್ಬಂದಿಯನ್ನು ನೋಡಿದ್ದೇನೆ. ನಗಬೇಡಿ. ಮೂರು ಹೆತ್ತ ತಾಯಿಗೆ ಮೂತ್ರದ ದಾರಿ ಬೇರೆ, ಮುಟ್ಟು ಬರುವ ದಾರಿ ಬೇರೆ ಅಂತ ಯಾರೂ ಹೇಳಿಲ್ಲ ಅಂದರೆ ತಪ್ಪು ಆಕೆಯದಲ್ಲ. ಪದವಿ ಓದಿದವರಲ್ಲೂ ಇದು ಗೊತ್ತಿಲ್ಲದವರು ಬೇಕಾದಷ್ಟು ಜನ ಇದ್ದಾರೆ. ಹಳೆಯ ಲ್ಯಾಬ್ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದೆ. ಮೂರು ದಾರಿ. ಮುಂದಿನದು ಮೂತ್ರದ್ದು, ಸುಮಾರು 4 ಸೆಂಟಿಮೀಟರ್ ಉದ್ದ. ನಡುವಿನದು ಮುಟ್ಟು, ಹೆರಿಗೆಯದು. ಹಿಂದಿನದು ಮಲದ್ದು. ಟ್ಯೂಬು ಮುಂದಿನದಕ್ಕೆ ಮಾತ್ರ ಹೋಗುತ್ತದೆ. ಅಕಸ್ಮಾತ್ ಜಾರಿ ನಡುವಿನದಕ್ಕೆ ತಾಗಿದರೂ ಏನೂ ಕೆಡುವುದಿಲ್ಲ, ಆ ಟ್ಯೂಬು ತೆಗೆದು ತೊಳೆದ ಇನ್ನೊಂದು ಹಾಕಬೇಕು, ಅಷ್ಟೇ. ಅವ್ವ ಚೀಟಿಯನ್ನು ಮಡಚಿ ಜಂಪರಿನೊಳಗೆ ಇಟ್ಟುಕೊಂಡರು. ಆ ಸಂಜೆ ಮಗಳಿಗೆ ಕೈಗನ್ನಡಿ ಹಿಡಿದವರು ಅವರೇ.

ಕನ್ನಡಿ ಹಾಸಿಗೆಯ ಮೇಲೆ ನಿಲ್ಲದೆ ಜಾರುತ್ತಿತ್ತು. ಹುಡುಗಿ ಮೊದಲು ನೋಡಲು ಒಪ್ಪಲಿಲ್ಲ. ತನ್ನ ಮೈಯನ್ನು ಹಾಗೆ ನೋಡಬಾರದು ಅಂತಲೇ ಬೆಳೆದವಳು. ನಿಧಾನಕ್ಕೆ ಒಪ್ಪಿದಳು. ಆಮೇಲೆ ಕನ್ನಡಿ ಬೇಡವಾಯಿತು, ಎಡಗೈ ಬೆರಳಿನಿಂದಲೇ ಜಾಗ ಗುರುತಿಸುವುದು ಬಂತು. ಕತ್ತಲಲ್ಲೂ, ಪ್ರಯಾಣದಲ್ಲೂ ಬೇಕಾದ ವಿದ್ಯೆ ಅದು. ಅಂದಿನಿಂದ ರಾತ್ರಿ ಹತ್ತರ ಟ್ಯೂಬಿಗೆ ಯಾರೂ ಬೇಕಾಗಲಿಲ್ಲ. ನೀರಿನ ಬಾಟಲಿ ತಾನೇ ಕೇಳಿ ತುಂಬಿಸಿಕೊಳ್ಳತೊಡಗಿದಳು.

ಮುಟ್ಟು, ಮತ್ತು ಅತ್ತೆಯ ಸಲಹೆ

ಬೆನ್ನುಹುರಿಗೆ ಪೆಟ್ಟಾದಾಗ ಕೆಲವು ತಿಂಗಳು ಮುಟ್ಟು ನಿಲ್ಲುವುದು ಸಾಮಾನ್ಯ. ಆಮೇಲೆ ತಾನಾಗಿ ಶುರುವಾಗುತ್ತದೆ. ಇದನ್ನು ಮೊದಲೇ ಹೇಳಿಡುವ ಪದ್ಧತಿ ಬಹಳ ಕಡೆ ಇಲ್ಲ. ಈಕೆಗೆ ನಾಲ್ಕನೇ ತಿಂಗಳಲ್ಲಿ ಬಂತು. ಅವಳಿಗೆ ತಿಳಿಯಲಿಲ್ಲ, ತಿಳಿಯುವಂತೆಯೂ ಇರಲಿಲ್ಲ. ಅದೃಷ್ಟಕ್ಕೆ ಬಟ್ಟೆ ಬದಲಿಸುವಾಗ ಕಂಡಿತು, ವ್ಯಾಯಾಮದ ಹಾಲ್‌ನಲ್ಲಿ ಎಲ್ಲರೆದುರು ಅಲ್ಲ.

ಪ್ಯಾಡಿನ ವಿಷಯದಲ್ಲಿ ಎಚ್ಚರ ಬೇಕು. ಮಡಿಚಿಕೊಂಡ ಅಂಚಿನ ಮೇಲೆ ಗಂಟೆಗಟ್ಟಲೆ ಕೂತರೆ ಗೆರೆ ಬಿದ್ದು, ಒದ್ದೆಗೆ ಚರ್ಮ ಮೆತ್ತಗಾಗಿ ಒತ್ತುಹುಣ್ಣು ಶುರುವಾಗುತ್ತದೆ. ಆದ್ದರಿಂದ ನೆನಪಿಗೆ ಸುಲಭವಾಗಲಿ ಅಂತ ಟ್ಯೂಬಿನ ಹೊತ್ತಿಗೇ ಪ್ಯಾಡನ್ನೂ ಗಂಟುಹಾಕಿದೆವು. ಪ್ರತಿ ಸಲ ಟ್ಯೂಬಿಗೆ ಮೊದಲು ಮುಂದಿನಿಂದ ಹಿಂದಕ್ಕೆ ತೊಳೆಯುವುದು, ಮೂತ್ರ ತೆಗೆಯುವುದು, ಹೊಸ ಪ್ಯಾಡ್, ಕನ್ನಡಿಯಲ್ಲಿ ಚರ್ಮ ನೋಡುವುದು. ಜನೌಷಧಿ ಅಂಗಡಿಯ 1 ರೂಪಾಯಿಯ ‘ಸುವಿಧಾ’ ಪ್ಯಾಡ್ ಅವ್ವನಿಗೆ ತೋರಿಸಿದೆವು. ಇಷ್ಟು ಸಲ ಬದಲಿಸಬೇಕು ಅಂದರೆ ಖರ್ಚಿನ ಮಾತು ಬಂದೇ ಬರುತ್ತದೆ.

ಅಷ್ಟರಲ್ಲಿ ಊರಿನಿಂದ ಸೋದರತ್ತೆ ಬಂದರು. ಪ್ರೀತಿಯ ಮನುಷ್ಯ, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ಡಾಕ್ಟರ್ ರೌಂಡ್ಸಿಗೆ ಬಂದಾಗ ನೇರ ಕೇಳಿದರು: ‘ಇನ್ನ ಇದನ್ನೆಲ್ಲಾ ಯಾರು ತೊಳಕೋಂತ ಕೂಡ್ತಾರ್ರಿ? ಹೆಂಗೂ ಮದಿವಿ ಇಲ್ಲ, ಮಕ್ಕಳಿಲ್ಲ. ಗರ್ಭಚೀಲ ತಗದಬಿಡ್ರಿ, ಹಗುರ ಆಗ್ತದ.’ ಹುಡುಗಿ ಅಲ್ಲೇ ಇದ್ದಳು.

ಈ ಸಲಹೆ ಹೊಸದಲ್ಲ. 1994ರಲ್ಲಿ ಪುಣೆಯ ಸರ್ಕಾರಿ ಆಸ್ಪತ್ರೆಯಲ್ಲಿ ಶಿರೂರಿನ ವಸತಿ ನಿಲಯದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶ ತೆಗೆದಿದ್ದು ದೇಶದಲ್ಲೆಲ್ಲ ದೊಡ್ಡ ಸುದ್ದಿಯಾಯಿತು. ಅಲ್ಲೂ ಕೊಟ್ಟ ಕಾರಣ ಮುಟ್ಟಿನ ಸ್ವಚ್ಛತೆ. ಈಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೇ ಕಲಂ ಸ್ಪಷ್ಟವಾಗಿದೆ: ಆ ವ್ಯಕ್ತಿ ತಿಳಿದು, ಸ್ವಂತ ಮನಸ್ಸಿನಿಂದ ಒಪ್ಪದೆ ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ನಮ್ಮ ಡಾಕ್ಟರ್ ಮೇಡಂ ಕಾಯ್ದೆಯ ಮಾತು ಆಮೇಲೆ ಆಡಿದರು. ಮೊದಲು ಅತ್ತೆಯ ಕಡೆಗಲ್ಲ, ಹುಡುಗಿಯ ಕಡೆ ತಿರುಗಿ ಹೇಳಿದರು. ಬೆನ್ನುಹುರಿಗೆ ಪೆಟ್ಟಾದರೆ ಗರ್ಭಕೋಶಕ್ಕೆ ಪೆಟ್ಟಾಗುವುದಿಲ್ಲ. ಮುಟ್ಟು ಮರಳಿದ ಮೇಲೆ ಬಸಿರಾಗುವುದು, ಹೆರುವುದು ಸಾಧ್ಯ. ಮೂತ್ರದ ಸೋಂಕು, ಒತ್ತುಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಇವುಗಳ ಬಗ್ಗೆ ಹೆಚ್ಚಿನ ಜಾಗ್ರತೆ ಬೇಕು. ಮದುವೆ ಆಗುವುದು ಬಿಡುವುದು ನಿನ್ನ ಇಷ್ಟ.

ಮುಟ್ಟು ಮುಂದೂಡುವ ಮಾತ್ರೆಯ ಮಾತೂ ಬಂತು. ಓಡಾಟ ಇಲ್ಲದವರಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಮೊದಲೇ ಇರುತ್ತದೆ, ಕೆಲವು ಹಾರ್ಮೋನ್ ಮಾತ್ರೆಗಳು ಅದನ್ನು ಹೆಚ್ಚಿಸುತ್ತವೆ. ಹಾಗಾಗಿ ಮೆಡಿಕಲ್ ಅಂಗಡಿಯಿಂದ ತಂದು ನುಂಗಬೇಡಿ ಅಂತ ಗಟ್ಟಿಯಾಗಿಯೇ ಹೇಳಿ ಕಳಿಸಿದೆವು.

ಗಂಡುಹುಡುಗರ ವಾರ್ಡಿನ ಒಂದು ಮಾತು

ಅದೇ ಹೊತ್ತಿಗೆ ಶಿರಸಿ ಕಡೆಯ 19ರ ಹುಡುಗನೊಬ್ಬ ಇದ್ದ. ಅಡಿಕೆ ಮರದಿಂದ ಬಿದ್ದವನು. ಅವನಿಗೆ ಟ್ಯೂಬು ಹಾಕುತ್ತಿದ್ದದ್ದು ಅವನ ಅಕ್ಕ. ಗಂಡುಹುಡುಗನಿಗೆ ನಾಚಿಕೆ ಏನು ಅಂತ ಅವನನ್ನು ಯಾರೂ ಕೇಳಲೇ ಇಲ್ಲ. ಈ ಹುಡುಗಿಯ ಪ್ರಕರಣ ಆದಮೇಲೆ ಅವನನ್ನೂ ಒಬ್ಬನೇ ಇರುವಾಗ ಕೇಳಿದರೆ, ಅಕ್ಕನ ಮುಖ ನೋಡಲು ಆಗುತ್ತಿಲ್ಲ ಅಂದ. ಅವನಿಗೆ ಲೈಂಗಿಕ ಜೀವನದ ಬಗ್ಗೆ ಸಿಬ್ಬಂದಿ ಅರ್ಧ ತಮಾಷೆಯಲ್ಲಾದರೂ ಮಾತಾಡಿದ್ದರು. ಹುಡುಗಿಯ ಹತ್ತಿರ ಆ ಮಾತನ್ನು ಯಾರೂ ಎತ್ತಿರಲೇ ಇಲ್ಲ. ಎರಡೂ ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಅವನ ಕಥೆ ದೊಡ್ಡದು, ಇನ್ನೊಮ್ಮೆ ಬರೆಯುವೆ.

ನನ್ನಂಥಾಕಿ

‘ನನ್ನಂಥಾಕಿ ಯಾರರ ಅದಾರೇನ್ರಿ?’ ಅಂತ ಒಮ್ಮೆ ಕೇಳಿದಳು. ವಾರ್ಡಿಗೆ ಧೈರ್ಯ ಹೇಳಲು ಬರುತ್ತಿದ್ದ ಹಳೆಯ ರೋಗಿಗಳೆಲ್ಲ ಗಂಡಸರು. ವೀಲ್‌ಚೇರಿನಲ್ಲೇ ಡಾಕ್ಟರ್ ಆಗಿ ಕೆಲಸ ಮಾಡಿದ ಮೇರಿ ವರ್ಗೀಸ್ ಅವರ ಬಗ್ಗೆ ಹೇಳಿದೆ. 1954ರ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಹೋದರೂ ವೆಲ್ಲೂರಿನಲ್ಲಿ ಪುನಶ್ಚೇತನ ಚಿಕಿತ್ಸೆ ಕಟ್ಟಿ ನಿಲ್ಲಿಸಿದವರು. ಪೋಲಿಯೋ ಆಗಿದ್ದರೂ ಆಟದಲ್ಲಿ ಅರ್ಜುನ ಪ್ರಶಸ್ತಿ, ಆಮೇಲೆ ಪದ್ಮಶ್ರೀ ಪಡೆದ ನಮ್ಮ ಮಾಲತಿ ಹೊಳ್ಳ ಅವರ ಫೋಟೋ ಮೊಬೈಲಿನಲ್ಲಿ ತೋರಿಸಿದೆ. ಮರ್ಯಾದೆಗೆ ಕೇಳಿಸಿಕೊಂಡಳು. ನಿಜಕ್ಕೂ ಕಣ್ಣು ಅರಳಿದ್ದು ಪಕ್ಕದ ತಾಲ್ಲೂಕಿನ, ವೀಲ್‌ಚೇರಿನಲ್ಲೇ ಹೊಲಿಗೆ ಅಂಗಡಿ ನಡೆಸುವ ಒಬ್ಬ ಹೆಣ್ಣುಮಗಳು ಬಂದು ಕೂತಾಗ. ಇಬ್ಬರೂ ಪರದೆ ಎಳೆದುಕೊಂಡು ಮಾತಾಡಿದರು. ಏನು ಮಾತಾಡಿದರು ಅಂತ ನಾವು ಕೇಳಲಿಲ್ಲ. ಹೊರಗೆ ಬಂದಾಗ ಸೀರೆ ಉಟ್ಟು ವೀಲ್‌ಚೇರಿನಲ್ಲಿ ಹೇಗೆ ಕೂರಬೇಕು ಅಂತ ಮಾತ್ರ ನಮಗೂ ತೋರಿಸಿದರು.

ಮನೆ, ಕಾಲೇಜು

ಮನೆಗೆ ಹೋಗುವ ಮುಂಚೆ ಅಪ್ಪನಿಗೂ ಕೆಲಸ ಕಲಿಸಿದೆವು: ಹಲಗೆ ಇಟ್ಟು ಹಾಸಿಗೆಯಿಂದ ವೀಲ್‌ಚೇರಿಗೆ ಜಾರಿಸುವುದು. ಎಲ್ಲಾ ಕಡೆ ಆರೈಕೆ ತಾಯಿಯ ತಲೆಗೇ ಬೀಳುತ್ತದೆ. ಈ ತಾಯಿ ಇಲ್ಲಿ ಇರಲೆಂದು ಮೆಣಸಿನಕಾಯಿ ಹಂಗಾಮಿನ ಕೂಲಿ ಪೂರ್ತಿ ಬಿಟ್ಟಿದ್ದರು. ಬಚ್ಚಲಿನ ಬಾಗಿಲು ಅಗಲ ಮಾಡಿಸಿದರು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿದೆವು. ಓದು ಬಿಡಿಸಿ ತಮ್ಮನ ಮೇಲೆ ಖರ್ಚು ಮಾಡೋಣ ಅನ್ನುವ ಮಾತು ಮನೆಯಲ್ಲಿ ಎದ್ದಿತ್ತು. ಅದನ್ನು ತಡೆದಿದ್ದು ನಾವಲ್ಲ, ಅಪ್ಪ.

ಮೊನ್ನೆ ತಪಾಸಣೆಗೆ ಬಂದಿದ್ದಳು. ಚರ್ಮ ಚೆನ್ನಾಗಿದೆ, ಜ್ವರ ಮರಳಿಲ್ಲ, ಕಿಡ್ನಿಯ ಸ್ಕ್ಯಾನ್ ಸರಿಯಿದೆ. ಕಾಲೇಜಿಗೆ ಹೋಗುತ್ತಿದ್ದಾಳೆ. ಅಲ್ಲಿಯ ಹುಡುಗಿಯರ ಶೌಚಾಲಯದ ಬಾಗಿಲಿನಲ್ಲಿ ವೀಲ್‌ಚೇರ್ ಹಿಡಿಸುವುದಿಲ್ಲ. ಆದ್ದರಿಂದ ಮಧ್ಯಾಹ್ನದ ಟ್ಯೂಬಿಗೆ ಸಿಬ್ಬಂದಿಯ ಶೌಚಾಲಯ ಬಳಸಲು ಪ್ರಾಂಶುಪಾಲರು ಒಪ್ಪಿದ್ದಾರೆ. ಅದರ ಕೀಲಿ ಒಬ್ಬ ಉಪನ್ಯಾಸಕಿಯ ಬ್ಯಾಗಿನಲ್ಲಿ ಇರುತ್ತದೆ. ಅವರು ರಜೆ ಹಾಕಿದ ದಿನ ಇವಳೂ ಕಾಲೇಜಿಗೆ ಹೋಗುವುದಿಲ್ಲ. ಇನ್ನೊಂದು ಕೀಲಿ ಮಾಡಿಸಿ ತನ್ನ ಕೈಗೇ ಕೊಡಿ ಅಂತ ಅರ್ಜಿ ಬರೆದು ಕೊಟ್ಟಿದ್ದಾಳೆ. ಉತ್ತರ ಬರಬೇಕಿದೆ.